‘ಲಾ ಯೊರೋನಾ’: ಅಳುವ ತಾಯಿಯ ಐತಿಹ್ಯ ಮತ್ತು ಗ್ವಾಟೆಮಾಲಾದ ಭಯಾನಕ ಚಿತ್ರ – ಪದೇ ಪದೇ ಕೇಳುವ ಪ್ರಶ್ನೆಗಳು

2019ರ ‘ಲಾ ಯೊರೋನಾ’ ಚಿತ್ರವನ್ನು ನೋಡಿದವರು, ನೋಡಬೇಕೆಂದಿರುವವರು ಹಾಗೂ ಹೆಸರಿನ ಗೊಂದಲದಿಂದ ಬೇರೊಂದು ಚಿತ್ರವನ್ನು ನೋಡಿ ಬಂದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಕಥೆಯ ಗುಟ್ಟನ್ನು ಬಿಟ್ಟುಕೊಡುವ ಉತ್ತರಗಳು ಕೊನೆಯ ಭಾಗದಲ್ಲಿವೆ; ಅವು ಎಲ್ಲಿಂದ ಶುರುವಾಗುತ್ತವೆ ಎಂಬುದನ್ನು ಅಲ್ಲಿಯೇ ತಿಳಿಸಲಾಗಿದೆ.

ಇದು ಯಾವ ದೇಶದ ಚಿತ್ರ? ಇದನ್ನು ಮಾಡಿದವರು ಯಾರು?

ಇದು ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶದ ಚಿತ್ರ. ನಿರ್ದೇಶಕರು ಹೈರೋ ಬುಸ್ತಾಮಾಂತೆ. ಚಿತ್ರಕಥೆಯನ್ನು ಅವರು ಲಿಸಾಂದ್ರೋ ಸಾಂಚೆಸ್ ಜೊತೆ ಸೇರಿ ಬರೆದಿದ್ದಾರೆ. ಅವಧಿ 97 ನಿಮಿಷ. 2019ರ ವೆನಿಸ್ ಚಿತ್ರೋತ್ಸವದ ಸಂದರ್ಭದಲ್ಲಿ ನಡೆಯುವ ‘ವೆನಿಸ್ ಡೇಸ್’ ವಿಭಾಗದಲ್ಲಿ ಮೊದಲ ಪ್ರದರ್ಶನ ಕಂಡು, ಅಲ್ಲಿಯೇ ಪ್ರಶಸ್ತಿಯನ್ನೂ ಪಡೆಯಿತು.

ಹೆಸರಿನ ಅರ್ಥವೇನು? ಅದನ್ನು ಹೇಗೆ ಉಚ್ಚರಿಸಬೇಕು?

ಸ್ಪ್ಯಾನಿಷ್ ಬರಹದಲ್ಲಿ ಎರಡು ‘ಎಲ್’ ಅಕ್ಷರಗಳು ಒಟ್ಟಿಗೆ ಬಂದಾಗ ಅದನ್ನು ಸಾಮಾನ್ಯವಾಗಿ ‘ಯ’ಕಾರದಂತೆ ಉಚ್ಚರಿಸುತ್ತಾರೆ. ಆದ್ದರಿಂದ ‘ಲೊರೋನಾ’ ಎನ್ನದೆ ‘ಯೊರೋನಾ’ ಎನ್ನಬೇಕು. ಅಳುವುದು ಎಂಬರ್ಥದ ಕ್ರಿಯಾಪದದಿಂದ ಹುಟ್ಟಿದ ಈ ಪದಕ್ಕೆ ‘ಸದಾ ಅಳುವವಳು’ ಎಂದು ಅರ್ಥ. ಮಾತುಮಾತಿಗೂ ಕಣ್ಣೀರು ಹಾಕುವ ಹುಡುಗಿಯನ್ನೂ ಅಲ್ಲಿನವರು ಇದೇ ಪದದಿಂದ ಕರೆಯುತ್ತಾರೆ. ಕನ್ನಡದ ‘ಅಳುಬುರುಕಿ’ಗೆ ಅದು ಬಹಳ ಹತ್ತಿರ. ಮನೆಯೊಳಗೆ ಹಗುರವಾಗಿ ಬಳಕೆಯಾಗುವ ಪದವೇ ಕತ್ತಲಾದ ಮೇಲೆ ನದಿಯ ದಡದಲ್ಲಿ ಉಸಿರು ಹಿಡಿಸುವ ಹೆಸರಾಗುತ್ತದೆ ಎಂಬುದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಮೂಲ ಐತಿಹ್ಯದಲ್ಲಿ ಏನಿದೆ?

ಮೆಕ್ಸಿಕೋದಿಂದ ಹಿಡಿದು ಮಧ್ಯ ಅಮೆರಿಕದ ಉದ್ದಗಲಕ್ಕೂ ಹೇಳಲಾಗುವ ಈ ಕಥೆಗೆ ಲೆಕ್ಕವಿಲ್ಲದಷ್ಟು ಪಾಠಾಂತರಗಳಿವೆ. ಹೆಚ್ಚು ಪ್ರಚಲಿತವಾಗಿರುವ ಪಾಠದಲ್ಲಿ ಆಕೆ ಮರಿಯಾ ಎಂಬ ಚೆಲುವೆ. ತನಗಿಂತ ಮೇಲಿನ ಅಂತಸ್ತಿನ, ಅನೇಕ ಪಾಠಗಳಲ್ಲಿ ಸ್ಪ್ಯಾನಿಷ್ ಮೂಲದವನಾದ ಗಂಡಸನ್ನು ಪ್ರೀತಿಸಿ ಮಕ್ಕಳನ್ನು ಪಡೆಯುತ್ತಾಳೆ. ಅವನು ಅವಳನ್ನು ಕೈಬಿಟ್ಟು ತನ್ನ ಅಂತಸ್ತಿಗೆ ತಕ್ಕ ಇನ್ನೊಬ್ಬಳ ಕೈಹಿಡಿಯುತ್ತಾನೆ. ದುಃಖವೂ ರೋಷವೂ ತಲೆಗೇರಿ ಆಕೆ ತನ್ನ ಮಕ್ಕಳನ್ನು ತಾನೇ ನದಿಯಲ್ಲಿ ಮುಳುಗಿಸುತ್ತಾಳೆ. ಮರುಕ್ಷಣವೇ ಮಾಡಿದ್ದರ ಅರಿವಾಗಿ ದಡದುದ್ದಕ್ಕೂ ಓಡುತ್ತಾಳೆ, ಸಾಯುತ್ತಾಳೆ, ಸತ್ತ ಮೇಲೂ ಶಾಂತಿ ಕಾಣುವುದಿಲ್ಲ. ಬಿಳಿಯ ಉಡುಪಿನಲ್ಲಿ, ಕೆದರಿದ ಉದ್ದ ಕೂದಲಿನಲ್ಲಿ, ‘ಅಯ್ಯೋ, ನನ್ನ ಮಕ್ಕಳೇ’ ಎಂದು ಕೂಗುತ್ತ ನೀರಿನ ಬಳಿ ಅಲೆಯುತ್ತಿರುತ್ತಾಳೆ ಎಂಬುದು ನಂಬಿಕೆ. ಕತ್ತಲಾದ ಮೇಲೆ ನೀರಿನ ಹತ್ತಿರ ಹೋದ ಮಕ್ಕಳನ್ನು ತನ್ನವೆಂದು ಎತ್ತಿಕೊಂಡು ಹೋಗುತ್ತಾಳೆ ಎಂಬ ಮಾತೂ ಅದಕ್ಕೆ ಸೇರಿಕೊಂಡಿದೆ. ತಾಯಂದಿರು ಮಕ್ಕಳನ್ನು ಹೊಳೆಯಿಂದ ದೂರವಿಡಲು ಹೇಳಿದ ಕಥೆಯಾಗಿ ಅದು ತಲೆಮಾರುಗಳನ್ನು ದಾಟಿ ಬಂದಿದೆ.

ಗ್ವಾಟೆಮಾಲಾದಲ್ಲಿ ಹೇಳುವ ಒಂದು ವಿವರ ನನಗೆ ಉಳಿದೆಲ್ಲಕ್ಕಿಂತ ಹೆಚ್ಚು ಭಯ ತರಿಸುತ್ತದೆ. ಅಳು ದೂರದಿಂದ ಕೇಳಿಸಿದರೆ ಆಕೆ ಹತ್ತಿರವೇ ಇದ್ದಾಳೆಂದು, ಅಳು ಕಿವಿಯ ಪಕ್ಕದಲ್ಲೇ ಕೇಳಿಸಿದರೆ ಆಕೆ ದೂರದಲ್ಲಿದ್ದಾಳೆಂದು ತಿಳಿಯಬೇಕಂತೆ. ಬುಸ್ತಾಮಾಂತೆಯವರ ಚಿತ್ರ ಕ್ಷೀಣವಾದ ಅಳುವಿನಿಂದಲೇ ಅಷ್ಟು ಹೆದರಿಸುವುದನ್ನು ನೋಡಿದರೆ, ಈ ವಿವರ ಅವರ ಕಿವಿಯಲ್ಲಿ ಗಟ್ಟಿಯಾಗಿ ಕುಳಿತಿರಬೇಕೆನಿಸುತ್ತದೆ.

ಈ ಐತಿಹ್ಯ ಎಷ್ಟು ಹಳೆಯದು?

ಮಕ್ಕಳನ್ನು ಮುಳುಗಿಸಿದ ಮರಿಯಾಳ ಕಥೆ ವಸಾಹತು ಕಾಲದ ಬಣ್ಣವನ್ನು ಹೊತ್ತಿದೆ. ಆದರೆ ರಾತ್ರಿಯ ಹೊತ್ತು ಮಕ್ಕಳಿಗಾಗಿ ಅಳುವ ಹೆಂಗಸು ಅದಕ್ಕಿಂತಲೂ ಹಳಬಳು. 16ನೇ ಶತಮಾನದಲ್ಲಿ ಬೆರ್ನಾರ್ದಿನೋ ದೆ ಸಾಹಾಗುನ್ ಎಂಬ ಪಾದ್ರಿಯು ಮೆಕ್ಸಿಕೋದ ಮೂಲನಿವಾಸಿಗಳಾದ ನಾವಾ ಜನರ ನೆರವಿನಿಂದ ಸಂಕಲಿಸಿದ, ಇಂದು ‘ಫ್ಲಾರೆಂಟೈನ್ ಕೋಡೆಕ್ಸ್’ ಎಂದು ಹೆಸರಾಗಿರುವ ಬೃಹತ್ ಹಸ್ತಪ್ರತಿಯ 12ನೇ ಭಾಗದಲ್ಲಿ, ಸ್ಪ್ಯಾನಿಷರು ಬರುವ ಮುನ್ನ ಮೆಕ್ಸಿಕೋದಲ್ಲಿ ಕಂಡವೆಂದು ಹೇಳಲಾದ ಎಂಟು ಅಪಶಕುನಗಳ ಪಟ್ಟಿಯಿದೆ. ಆರನೆಯ ಅಪಶಕುನವೇ ರಾತ್ರಿ ಅಳುತ್ತ ತಿರುಗುವ ಹೆಂಗಸಿನ ದನಿ. ಮಕ್ಕಳೇ, ನಾವು ಇಲ್ಲಿಂದ ಹೊರಟುಹೋಗಬೇಕು, ನಿಮ್ಮನ್ನು ನಾನು ಎಲ್ಲಿಗೆ ಕರೆದೊಯ್ಯಲಿ ಎಂದು ಆಕೆ ಗೋಳಾಡುತ್ತಾಳೆ. ಇದನ್ನು ಸಿವಾಕೋಆತ್ಲ್ ಎಂಬ ದೇವತೆಯೊಂದಿಗೆ ಹೊಂದಿಸಿ ನೋಡುವುದೂ ಉಂಟು.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಲೇಬೇಕು. ಆ ಹಳೆಯ ದನಿಯಲ್ಲಿ ತಾಯಿ ಕೊಲೆಗಾರ್ತಿಯಲ್ಲ. ಬರಲಿರುವ ನಾಶವನ್ನು ಮೊದಲೇ ಕಂಡು, ಮಕ್ಕಳನ್ನು ಉಳಿಸಿಕೊಳ್ಳುವ ದಾರಿ ತೋಚದೆ ಅಳುವವಳು ಅವಳು. ಮಕ್ಕಳ ಸಾವಿನ ಹೊಣೆಯನ್ನು ತಾಯಿಯ ತಲೆಗೇ ಕಟ್ಟಿದ್ದು ಕಥೆಯ ನಂತರದ ಪಾಠ.

ಅದೇ ವರ್ಷ ಬಂದ ಹಾಲಿವುಡ್ ಚಿತ್ರವೂ ಇದೂ ಒಂದೇ ಅಲ್ಲವೇ?

ಅಲ್ಲ. 2019ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ‘ದಿ ಕರ್ಸ್ ಆಫ್ ಲಾ ಯೊರೋನಾ’ ಚಿತ್ರದ ನಿರ್ದೇಶಕರು ಮೈಕೆಲ್ ಚಾವೆಸ್. ಜೇಮ್ಸ್ ವಾನ್ ಅದರ ನಿರ್ಮಾಪಕರಲ್ಲೊಬ್ಬರು. 1973ರ ಲಾಸ್ ಏಂಜಲೀಸ್ ನಗರದಲ್ಲಿ ನಡೆಯುವ ಆ ಕಥೆಯಲ್ಲಿ, ಮಕ್ಕಳ ಕಲ್ಯಾಣ ಇಲಾಖೆಯಲ್ಲಿ ಕೆಲಸ ಮಾಡುವ ವಿಧವೆಯೊಬ್ಬಳು ತನ್ನಿಬ್ಬರು ಮಕ್ಕಳನ್ನು ಪ್ರೇತದಿಂದ ಕಾಪಾಡಲು ಹೋರಾಡುತ್ತಾಳೆ. ಬಾಗಿಲು ಧಡಾರನೆ ಬಡಿದುಕೊಳ್ಳುವ, ಮುಖವೊಂದು ಹಠಾತ್ತನೆ ತೆರೆಯನ್ನು ತುಂಬುವ ರೀತಿಯ ಭಯ ಬೇಕೆನ್ನುವವರಿಗೆ ಆ ಚಿತ್ರವಿದೆ. ಅಲ್ಲಿ ಆಕೆ ಹೊರಗಿನಿಂದ ಬಂದು ಎರಗುವ ಪಿಶಾಚಿ. ಅವಳನ್ನು ಓಡಿಸಿಬಿಟ್ಟರೆ ಮನೆ ಸುರಕ್ಷಿತ. ಬುಸ್ತಾಮಾಂತೆಯವರ ಚಿತ್ರದಲ್ಲಿ ಕೇಡು ಮೊದಲಿನಿಂದಲೂ ಮನೆಯೊಳಗೇ ಕುಳಿತಿದೆ, ಆಕೆ ಅದನ್ನು ಹುಡುಕಿಕೊಂಡು ಬಂದಿದ್ದಾಳೆ.

ಇದೇ ಐತಿಹ್ಯದ ಮೇಲೆ ಹಳೆಯ ಚಿತ್ರಗಳಿವೆಯೇ?

ಇವೆ. 1933ರಲ್ಲಿ ರಮೋನ್ ಪೆಯೋನ್ ನಿರ್ದೇಶಿಸಿದ ‘ಲಾ ಯೊರೋನಾ’ ಮೆಕ್ಸಿಕೋದ ಭಯಾನಕ ಚಿತ್ರಗಳ ಪರಂಪರೆಯ ಆರಂಭದಲ್ಲಿ ನಿಲ್ಲುತ್ತದೆ. 1960ರ ದಶಕದ ಆರಂಭದಲ್ಲಿ ರಫಾಯೆಲ್ ಬಲೆದೋನ್ ನಿರ್ದೇಶನದಲ್ಲಿ ಬಂದ, ‘ಯೊರೋನಾಳ ಶಾಪ’ ಎಂಬರ್ಥದ ಶೀರ್ಷಿಕೆಯ ಕಪ್ಪು-ಬಿಳುಪು ಚಿತ್ರವನ್ನು ಈ ಪ್ರಕಾರದ ಅಭಿಮಾನಿಗಳು ಇಂದಿಗೂ ಹುಡುಕಿ ನೋಡುತ್ತಾರೆ.

ಗುಟ್ಟು ಬಿಡದೆ ಕಥೆಯನ್ನು ಹೇಳಬಹುದೇ?

ಎನ್ರೀಕೆ ಮೊಂತೆವೆರ್ದೆ ನಿವೃತ್ತ ಜನರಲ್. ವಯಸ್ಸಾಗಿದೆ, ಆಮ್ಲಜನಕದ ನೆರವಿನಲ್ಲಿ ಉಸಿರಾಡುತ್ತಿದ್ದಾನೆ. ದಶಕಗಳ ಹಿಂದೆ ತನ್ನ ಆಜ್ಞೆಯಂತೆ ನಡೆದ, ದೇಶದ ಮೂಲನಿವಾಸಿಗಳಾದ ಮಾಯಾ ಜನರ ನರಮೇಧಕ್ಕಾಗಿ ಅವನನ್ನು ಈಗ ನ್ಯಾಯಾಲಯಕ್ಕೆ ಎಳೆದು ತರಲಾಗಿದೆ. ಅಪರಾಧಿಯೆಂದು ತೀರ್ಪು ಬರುತ್ತದೆ. ಅದರ ಬೆನ್ನಿಗೇ ಮೇಲಿನ ನ್ಯಾಯಾಲಯ ಆ ತೀರ್ಪನ್ನು ರದ್ದುಪಡಿಸುತ್ತದೆ. ಅವನು ಹೆಂಡತಿ ಕಾರ್ಮೆನ್, ವೈದ್ಯೆಯಾಗಿರುವ ಮಗಳು ನತಾಲಿಯಾ ಮತ್ತು ಮೊಮ್ಮಗಳು ಸಾರಾಳೊಂದಿಗೆ ತನ್ನ ದೊಡ್ಡ ಬಂಗಲೆಯೊಳಗೆ ಉಳಿಯುತ್ತಾನೆ. ಹೊರಗೆ ಕಾಣೆಯಾದವರ ಭಾವಚಿತ್ರಗಳನ್ನು ಹಿಡಿದ ಜನಸಮೂಹ ಹಗಲಿರುಳೂ ಗೇಟಿನ ಮುಂದೆ ನಿಂತು ಕೂಗುತ್ತದೆ.

ರಾತ್ರಿ ಜನರಲ್‌ಗೆ ಹೆಂಗಸೊಬ್ಬಳ ಅಳು ಕೇಳಿಸತೊಡಗುತ್ತದೆ. ಪಿಸ್ತೂಲು ಹಿಡಿದು ಕತ್ತಲ ಮನೆಯಲ್ಲಿ ಅದನ್ನು ಹುಡುಕುತ್ತ ಹೋದವನು ಇನ್ನೇನು ಹೆಂಡತಿಯನ್ನೇ ಕೊಂದುಬಿಡುವವನಿದ್ದ. ಮನೆಯವರು ಅದನ್ನು ಮುಪ್ಪಿನ ಮರೆವಿನ ರೋಗವೆಂದು ತಿಳಿಯುತ್ತಾರೆ. ಮನೆಗೆಲಸದ ಮಾಯಾ ಆಳುಗಳು ಮಾತ್ರ ಅದು ಯಾರ ಅಳುವೆಂದು ಅರಿತು, ಗಂಟುಮೂಟೆ ಕಟ್ಟಿಕೊಂಡು ಒಟ್ಟಿಗೆ ಹೊರಟುಹೋಗುತ್ತಾರೆ. ಉಳಿಯುವವಳು ವಲೆರಿಯಾನಾ ಒಬ್ಬಳೇ. ಆಗ ಪ್ರತಿಭಟನಾಕಾರರ ಗುಂಪಿನ ನಡುವಿನಿಂದ ನಡೆದುಕೊಂಡು ಹೊಸ ಕೆಲಸದವಳೊಬ್ಬಳು ಬರುತ್ತಾಳೆ. ಅವಳ ಹೆಸರು ಆಲ್ಮಾ. ಸ್ಪ್ಯಾನಿಷ್‌ನಲ್ಲಿ ಆ ಪದಕ್ಕೆ ಆತ್ಮ ಎಂದರ್ಥ.

ಜನರಲ್ ಪಾತ್ರ ನಿಜವಾದ ವ್ಯಕ್ತಿಯೊಬ್ಬನನ್ನು ಹೋಲುತ್ತದೆಯೇ?

ಹೋಲುತ್ತದೆ, ಬಹಳ ಹತ್ತಿರದಿಂದ. ಹೆಸರು ಕಲ್ಪಿತವಾದರೂ ಗ್ವಾಟೆಮಾಲಾದ ಯಾವ ಪ್ರೇಕ್ಷಕನಿಗೂ ಅದು ದೇಶದ ಹಿಂದಿನ ಸೇನಾ ಆಡಳಿತಗಾರ ಎಫ್ರಾಯಿನ್ ರಿಯೋಸ್ ಮೊಂತ್ ಎಂಬುದು ಮೊದಲ ದೃಶ್ಯಗಳಲ್ಲೇ ತಿಳಿದುಬಿಡುತ್ತದೆ. ಈ ಹಿನ್ನೆಲೆ ಗೊತ್ತಿಲ್ಲದಿದ್ದರೆ ಚಿತ್ರದ ಅರ್ಧ ಭಾರ ನೋಡುಗನ ಅರಿವಿಗೇ ಬರುವುದಿಲ್ಲವಾದ್ದರಿಂದ ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಗ್ವಾಟೆಮಾಲಾದಲ್ಲಿ 1960ರಿಂದ 1996ರವರೆಗೆ ಅಂತರ್ಯುದ್ಧ ನಡೆಯಿತು. ವಿಶ್ವಸಂಸ್ಥೆಯ ಬೆಂಬಲದಿಂದ ರಚನೆಯಾದ ಸತ್ಯಶೋಧನಾ ಆಯೋಗವು 1999ರಲ್ಲಿ ಕೊಟ್ಟ ವರದಿಯ ಪ್ರಕಾರ ಈ ಅವಧಿಯಲ್ಲಿ ಸತ್ತವರು ಮತ್ತು ಕಣ್ಮರೆಯಾದವರ ಸಂಖ್ಯೆ 2,00,000ವನ್ನು ಮೀರುತ್ತದೆ. ಗುರುತು ಪತ್ತೆಯಾದ ಬಲಿಪಶುಗಳಲ್ಲಿ ಶೇ 83ರಷ್ಟು ಮಂದಿ ಮಾಯಾ ಜನ. ದಾಖಲಾದ ದೌರ್ಜನ್ಯಗಳಲ್ಲಿ ಶೇ 93ರಷ್ಟಕ್ಕೆ ಸರ್ಕಾರಿ ಪಡೆಗಳು ಮತ್ತು ಅವುಗಳ ಬೆಂಬಲಿತ ಗುಂಪುಗಳೇ ಹೊಣೆ. ರಿಯೋಸ್ ಮೊಂತ್ 1982ರ ಮಾರ್ಚ್‌ನಲ್ಲಿ ಸೇನಾ ಕ್ಷಿಪ್ರಕ್ರಾಂತಿಯ ಮೂಲಕ ಅಧಿಕಾರಕ್ಕೆ ಬಂದು, 1983ರ ಆಗಸ್ಟ್‌ನಲ್ಲಿ ಇನ್ನೊಂದು ಕ್ಷಿಪ್ರಕ್ರಾಂತಿಯಲ್ಲಿ ಅದನ್ನು ಕಳೆದುಕೊಂಡ. ಆ ಹದಿನೇಳು ತಿಂಗಳಲ್ಲಿ ನೆಬಾಹ್, ಚಾಹುಲ್ ಮತ್ತು ಕೊತ್ಸಾಲ್ ಸುತ್ತಲಿನ, ಮಾಯಾ ಸಮುದಾಯಗಳಲ್ಲೊಂದಾದ ಈಶಿಲ್ ಜನರ ಹಳ್ಳಿಗಳನ್ನು ಸೇನೆ ಸುಟ್ಟು ಬೂದಿ ಮಾಡಿತು.

ಮೂವತ್ತು ವರ್ಷಗಳ ನಂತರ 1,771 ಈಶಿಲ್ ಜನರ ಹತ್ಯೆಗೆ ಸಂಬಂಧಿಸಿದಂತೆ ಅವನ ವಿಚಾರಣೆ ನಡೆಯಿತು. 2013ರ ಮೇ 10ರಂದು ನ್ಯಾಯಾಲಯವು ನರಮೇಧಕ್ಕೆ 50 ವರ್ಷ, ಮಾನವತೆಯ ವಿರುದ್ಧದ ಅಪರಾಧಗಳಿಗೆ 30 ವರ್ಷ, ಒಟ್ಟು 80 ವರ್ಷಗಳ ಸೆರೆವಾಸ ವಿಧಿಸಿತು. ಹತ್ತೇ ದಿನಗಳಲ್ಲಿ, ಮೇ 20ರಂದು, ಸಾಂವಿಧಾನಿಕ ನ್ಯಾಯಾಲಯವು ಪ್ರಕ್ರಿಯೆಯ ಕಾರಣ ನೀಡಿ ಆ ತೀರ್ಪನ್ನು ತಳ್ಳಿಹಾಕಿತು. ಮರುವಿಚಾರಣೆ ಮುಗಿಯುವ ಮೊದಲೇ, 2018ರ ಏಪ್ರಿಲ್ 1ರಂದು, ಅವನು ತೀರಿಕೊಂಡ. ಚಿತ್ರ ಮುಂದಿನ ವರ್ಷ ಬಂದಿತು. ತೀರ್ಪು ಬಂದು ಅಳಿಸಿಹೋದ ಆ ಹತ್ತು ದಿನಗಳ ನೋವೇ ಈ ಚಿತ್ರದ ಹುಟ್ಟುನೆಲ. ಕಾನೂನು ಕೈಚೆಲ್ಲಿದ ಕಡೆಯಲ್ಲಿ ಜನಪದ ಕಥೆಯೊಂದು ಮೊಕದ್ದಮೆಯನ್ನು ಕೈಗೆತ್ತಿಕೊಂಡಿದೆ.

ನ್ಯಾಯಾಲಯದಲ್ಲಿ ಸಾಕ್ಷಿ ಹೇಳುವ ಮಹಿಳೆ ಮುಖ ಮುಚ್ಚಿಕೊಂಡಿರುವುದು ಏಕೆ?

ಇಡೀ ಚಿತ್ರದಲ್ಲಿ ಭಯವಾಗಲಿ ದೆವ್ವವಾಗಲಿ ಇಲ್ಲದ ಈ ದೃಶ್ಯವನ್ನೇ ನಾನು ಅದರ ಹೃದಯವೆಂದು ತಿಳಿದಿದ್ದೇನೆ. ವಯಸ್ಸಾದ ಮಾಯಾ ಹೆಂಗಸೊಬ್ಬಳು ಸಾಕ್ಷಿಯ ಕುರ್ಚಿಯಲ್ಲಿ ಕುಳಿತಿದ್ದಾಳೆ. ತಲೆಯ ಮೇಲಿಂದ ಇಳಿಬಿಟ್ಟ ಕಸೂತಿಯ ತೆಳುಬಟ್ಟೆ ಅವಳ ಮುಖವನ್ನು ಮುಚ್ಚಿದೆ. ಅವಳು ತನ್ನ ಭಾಷೆಯಲ್ಲಿ ಮಾತನಾಡುತ್ತಾಳೆ, ದುಭಾಷಿಯ ದನಿ ಅದನ್ನು ಸ್ಪ್ಯಾನಿಷ್‌ಗೆ ತರುತ್ತದೆ. ಅವಳ ಮುಖದ ಹತ್ತಿರದಿಂದ ಹೊರಟ ಕ್ಯಾಮೆರಾ ಇರುವೆಯ ವೇಗದಲ್ಲಿ ಹಿಂದೆ ಸರಿಯುತ್ತದೆ. ಮೊದಲು ಅವಳ ಸುತ್ತಲಿನವರು, ಆಮೇಲೆ ಕಿಕ್ಕಿರಿದ ನ್ಯಾಯಾಲಯ, ಅಲ್ಲಿ ಕುಳಿತಿರುವ ಜನರಲ್ ಕಣ್ಣಿಗೆ ಬೀಳುತ್ತಾರೆ. ಸೈನಿಕರು ತನಗೆ ಮಾಡಿದ್ದನ್ನು ಆಕೆ ದನಿ ಏರಿಸದೆ ಹೇಳಿ ಮುಗಿಸುತ್ತಾಳೆ. ಆಮೇಲೆ ತಾನೇ ಆ ಬಟ್ಟೆಯನ್ನು ಸರಿಸಿ ಮುಖ ತೋರಿಸುತ್ತಾಳೆ.

ಇದಕ್ಕೂ ವಾಸ್ತವದ ಆಧಾರವಿದೆ. 2016ರಲ್ಲಿ ನಡೆದ, ಸೆಪುರ್ ಸಾರ್ಕೋ ಎಂಬ ಹಳ್ಳಿಗೆ ಸಂಬಂಧಿಸಿದ ವಿಚಾರಣೆಯಲ್ಲಿ, ಸೇನಾ ಶಿಬಿರದಲ್ಲಿ ಲೈಂಗಿಕ ಗುಲಾಮಗಿರಿಗೆ ಗುರಿಯಾಗಿದ್ದ ಕೆಕ್ಚಿ ಮಾಯಾ ಮಹಿಳೆಯರು ಶಾಲುಗಳಿಂದ ಮುಖ ಮುಚ್ಚಿಕೊಂಡು ನ್ಯಾಯಾಲಯದಲ್ಲಿ ಕುಳಿತಿದ್ದರು; ಹಿಂದೆ ಸೇನೆಯೊಂದಿಗೆ ಸಂಬಂಧವಿದ್ದ ಇಬ್ಬರು ಆರೋಪಿಗಳಿಗೆ ಅಲ್ಲಿ ಶಿಕ್ಷೆಯಾಯಿತು. ಅಳುವ ಹೆಂಗಸಿನ ಹೆಸರು ಹೊತ್ತ ಚಿತ್ರದಲ್ಲಿ ಅತ್ಯಂತ ಘೋರವಾದದ್ದನ್ನು ಅನುಭವಿಸಿದವಳು ಅಳದೆ ಮಾತನಾಡುತ್ತಾಳೆ ಎಂಬುದನ್ನು ನಿರ್ದೇಶಕರು ಯೋಚಿಸಿಯೇ ಮಾಡಿದ್ದಾರೆಂದು ನಾನು ನಂಬುತ್ತೇನೆ.

ಚಿತ್ರ ನಿಜವಾಗಿಯೂ ಹೆದರಿಸುತ್ತದೆಯೇ?

ಬೆಚ್ಚಿಬೀಳಿಸುವುದನ್ನೇ ಹೆದರಿಕೆ ಎನ್ನುವುದಾದರೆ ನಿರಾಸೆಯಾಗಬಹುದು. ಅಂಥ ದೃಶ್ಯಗಳು ಇಲ್ಲಿ ಹೆಚ್ಚಿಲ್ಲ. ಈ ಚಿತ್ರದ ಭಯ ನಿಧಾನವಾಗಿ, ಗೋಡೆಗೆ ತೇವ ಏರುವಂತೆ ಏರುತ್ತದೆ. ಅದಕ್ಕೆ ಮುಖ್ಯ ಕಾರಣ ಶಬ್ದ. ಬಂಗಲೆಯ ಒಳಗೆ ಯಾವ ಕೋಣೆಯಲ್ಲಿ ಕುಳಿತರೂ ಹೊರಗಿನ ಜನರ ಘೋಷಣೆ, ತಮಟೆ, ಹಾಡು ಗೋಡೆಯಾಚೆಯಿಂದ ಕೇಳಿಸುತ್ತಲೇ ಇರುತ್ತವೆ. ಊಟ ಮಾಡುವಾಗ, ಮಲಗುವಾಗ, ಪ್ರಾರ್ಥಿಸುವಾಗ ಅದರಿಂದ ಬಿಡುಗಡೆಯಿಲ್ಲ. ಕೆಲಹೊತ್ತಿನಲ್ಲಿ ನೋಡುಗನೂ ಅದಕ್ಕೆ ಒಗ್ಗಿಹೋಗುತ್ತಾನೆ. ಆ ಗದ್ದಲ ಕಡಿಮೆಯಾಗಿ ಅದರ ಅಡಿಯಿಂದ ಒಂಟಿ ಅಳು ಎದ್ದಾಗ ಬೆನ್ನಹುರಿಯಲ್ಲಿ ಚಳಿ ಹರಿಯುತ್ತದೆ. ನಿಕೋಲಾಸ್ ವೋಂಗ್ ಅವರ ಛಾಯಾಗ್ರಹಣವೂ ಹೀಗೆಯೇ ತಾಳ್ಮೆಯದು: ಕ್ಯಾಮೆರಾ ಅಟ್ಟಿಸಿಕೊಂಡು ಹೋಗುವುದಿಲ್ಲ, ನಿಂತು ಕಾಯುತ್ತದೆ.

ಮೊದಲ ಅರ್ಧ ಗಂಟೆ ನಿಧಾನವೆನಿಸಿ ನಿಲ್ಲಿಸಿಬಿಟ್ಟೆವು ಎಂದು ಹೇಳುವವರಿದ್ದಾರೆ. ಅವರಲ್ಲಿ ನನ್ನ ವಿನಂತಿಯೆಂದರೆ, ಆಲ್ಮಾ ಮನೆಯೊಳಗೆ ಕಾಲಿಡುವವರೆಗಾದರೂ ಕಾಯಬೇಕು, ಮತ್ತು ಸಾಧ್ಯವಾದರೆ ಹೆಡ್‌ಫೋನ್ ಹಾಕಿಕೊಂಡು ನೋಡಬೇಕು.

ಆಲ್ಮಾ ಪಾತ್ರ ಮಾಡಿದವರು ಯಾರು? ಉಳಿದ ನಟರ ಬಗ್ಗೆ ತಿಳಿಸಿ.

ಆಲ್ಮಾ ಆಗಿ ನಟಿಸಿರುವವರು ಮರಿಯಾ ಮೆರ್ಸೆದೆಸ್ ಕೊರೋಯ್. ಬುಸ್ತಾಮಾಂತೆಯವರ ಮೊದಲ ಚಿತ್ರ, ಕಾಕ್ಚಿಕೆಲ್ ಎಂಬ ಮಾಯಾ ಭಾಷೆಯಲ್ಲಿ ಜ್ವಾಲಾಮುಖಿ ಎಂಬರ್ಥದ ‘ಇಶ್ಕಾನುಲ್’ನ ನಾಯಕಿಯೂ ಅವರೇ. ಆ ಚಿತ್ರದಲ್ಲಿ ಅವರ ತಾಯಿಯಾಗಿದ್ದ ಮರಿಯಾ ತೆಲೋನ್ ಇಲ್ಲಿ ವಲೆರಿಯಾನಾ. ಜನರಲ್ ಪಾತ್ರದಲ್ಲಿ ಹುಲಿಯೋ ದಿಯಾಸ್, ಕಾರ್ಮೆನ್ ಆಗಿ ಮಾರ್ಗರೀತಾ ಕೆನೆಫಿಕ್, ನತಾಲಿಯಾ ಆಗಿ ಸಾಬ್ರಿನಾ ದೆ ಲಾ ಓಸ್ ಇದ್ದಾರೆ. ನೊಬೆಲ್ ಶಾಂತಿ ಪುರಸ್ಕೃತೆ ರಿಗೊಬೆರ್ತಾ ಮೆಂಚೂ ಕೂಡ ಕೆಲಕ್ಷಣ ತೆರೆಯ ಮೇಲೆ ಕಾಣಿಸಿಕೊಳ್ಳುತ್ತಾರೆ.

ಕೊರೋಯ್ ಅವರ ಮಾತು ಚಿತ್ರದಲ್ಲಿ ತೀರಾ ಕಡಿಮೆ. ಬೆದರಿಸುವ ಒಂದು ಹಾವಭಾವವೂ ಇಲ್ಲ. ಸುಮ್ಮನೆ ನೋಡುತ್ತಾರೆ, ರೆಪ್ಪೆ ಬಡಿಯುವುದನ್ನೂ ಮರೆತವರಂತೆ. ಎದುರಿಗಿರುವವನ ಮನಸ್ಸಿನಲ್ಲಿ ಏನಿದೆಯೋ ಅದೇ ಆ ನೋಟದಲ್ಲಿ ಅವನಿಗೆ ಕಾಣುತ್ತದೆ: ಪುಟ್ಟ ಸಾರಾಳಿಗೆ ಗೆಳತಿ, ಜನರಲ್‌ಗೆ ಮೊದಲು ಆಸೆ, ಆಮೇಲೆ ಭೀತಿ.

ನಿರ್ದೇಶಕರ ಉಳಿದ ಚಿತ್ರಗಳಿಗೂ ಇದಕ್ಕೂ ಸಂಬಂಧವಿದೆಯೇ?

ಕಥೆಯ ಮಟ್ಟದಲ್ಲಿ ಇಲ್ಲ, ಆಶಯದ ಮಟ್ಟದಲ್ಲಿ ಇದೆ. ತಮ್ಮ ದೇಶದಲ್ಲಿ ಬೈಗುಳವಾಗಿ ಬಳಕೆಯಾಗುವ ಮೂರು ಪದಗಳ ಸುತ್ತ ಮೂರು ಚಿತ್ರಗಳನ್ನು ಕಟ್ಟಿರುವುದಾಗಿ ಬುಸ್ತಾಮಾಂತೆ ಹೇಳಿಕೊಂಡಿದ್ದಾರೆ. ಮೂಲನಿವಾಸಿಯನ್ನು ಹೀಯಾಳಿಸುವ ಪದಕ್ಕೆ ಉತ್ತರವಾಗಿ ‘ಇಶ್ಕಾನುಲ್’ (2015), ಸಲಿಂಗ ಪ್ರೇಮಿಯನ್ನು ಹಳಿಯುವ ಪದಕ್ಕೆ ‘ತೆಂಬ್ಲೋರೆಸ್’ (2019), ಹಕ್ಕು ಕೇಳಿದವರೆಲ್ಲರಿಗೂ ಅಂಟಿಸುವ ‘ಕಮ್ಯುನಿಸ್ಟ್’ ಎಂಬ ಹಣೆಪಟ್ಟಿಗೆ ‘ಲಾ ಯೊರೋನಾ’.

ಚಿತ್ರದ ಭಾಷೆ ಯಾವುದು?

ಸ್ಪ್ಯಾನಿಷ್ ಮುಖ್ಯವಾದರೂ ಮಾಯಾ ಭಾಷೆಗಳಾದ ಕಾಕ್ಚಿಕೆಲ್ ಮತ್ತು ಈಶಿಲ್ ಕೂಡ ಬರುತ್ತವೆ. ಸಬ್‌ಟೈಟಲ್‌ನಲ್ಲಿ ಓದುವಾಗ ಎಲ್ಲವೂ ಒಂದೇ ಎನಿಸಿದರೂ ಯಾರು ಯಾವಾಗ ಯಾವ ಭಾಷೆಗೆ ಹೊರಳುತ್ತಾರೆ ಎಂಬುದಕ್ಕೆ ಕಿವಿಗೊಡಬೇಕು. ಒಡೆಯರ ಮುಂದೆ ಒಂದು ಭಾಷೆ, ಅಡುಗೆಮನೆಯಲ್ಲಿ ಇನ್ನೊಂದು.

ಪ್ರಶಸ್ತಿಗಳು ಬಂದಿವೆಯೇ?

ವೆನಿಸ್‌ನ ಪ್ರಶಸ್ತಿಯನ್ನು ಮೇಲೆ ಹೇಳಲಾಗಿದೆ. 2021ರಲ್ಲಿ ಗೋಲ್ಡನ್ ಗ್ಲೋಬ್‌ನ ವಿದೇಶಿ ಭಾಷಾ ಚಿತ್ರ ವಿಭಾಗದಲ್ಲಿ ನಾಮನಿರ್ದೇಶನಗೊಂಡಿತು. ಅದೇ ವರ್ಷ ಆಸ್ಕರ್‌ನ ಅಂತರರಾಷ್ಟ್ರೀಯ ಚಿತ್ರ ವಿಭಾಗದ 15 ಚಿತ್ರಗಳ ಕಿರುಪಟ್ಟಿಯಲ್ಲಿಯೂ ಇತ್ತು, ಆದರೆ ಅಂತಿಮ ಐದರಲ್ಲಿ ಸ್ಥಾನ ಪಡೆಯಲಿಲ್ಲ.

ಮಕ್ಕಳೊಂದಿಗೆ ನೋಡಬಹುದೇ?

ಬೇಡ. ರಕ್ತಪಾತ ಕಡಿಮೆಯಿದ್ದರೂ ಲೈಂಗಿಕ ದೌರ್ಜನ್ಯದ ಸಾಕ್ಷ್ಯ ಮತ್ತು ಮಕ್ಕಳ ಸಾವು ಚಿತ್ರದ ನಡುಮಧ್ಯದಲ್ಲಿವೆ. ಇಂಥ ವಿಷಯಗಳಿಂದ ಮನಸ್ಸಿಗೆ ಪೆಟ್ಟಾಗುವ ಹಿರಿಯರೂ ಮೊದಲೇ ತಿಳಿದುಕೊಂಡು ಕುಳಿತುಕೊಳ್ಳುವುದು ಒಳ್ಳೆಯದು.

ಇಲ್ಲಿಂದ ಮುಂದಿನ ಉತ್ತರಗಳು ಕಥೆಯ ಗುಟ್ಟನ್ನು ಮತ್ತು ಕೊನೆಯನ್ನು ತಿಳಿಸುತ್ತವೆ. ಚಿತ್ರವನ್ನು ನೋಡಿಲ್ಲದವರು ಇಲ್ಲಿಯೇ ನಿಲ್ಲಿಸಬಹುದು.

ಚಿತ್ರ ಮೂಲ ಐತಿಹ್ಯವನ್ನು ಹೇಗೆ ಬದಲಿಸಿದೆ?

ಮಕ್ಕಳನ್ನು ನೀರಿನಲ್ಲಿ ಮುಳುಗಿಸಿದ ಕೈ ಯಾರದು ಎಂಬ ಒಂದೇ ಒಂದು ವಿಷಯವನ್ನು ಅದು ಬದಲಿಸಿದೆ. ಅಷ್ಟರಿಂದಲೇ ಕಥೆ ತಲೆಕೆಳಗಾಗಿದೆ. ಇಲ್ಲಿ ಆಲ್ಮಾಳ ಇಬ್ಬರು ಮಕ್ಕಳನ್ನು ಮುಳುಗಿಸಿದವರು ಸೈನಿಕರು, ಅದನ್ನು ಆಗಗೊಟ್ಟವನು ಜನರಲ್. ತಾಯಿಯದು ಪಶ್ಚಾತ್ತಾಪದ ಅಳುವಲ್ಲ. ತನ್ನ ತಪ್ಪಿಗಾಗಿ ಅಲೆಯುವ ಪ್ರೇತವಾಗಿದ್ದವಳು ಇಲ್ಲಿ ಫಿರ್ಯಾದಿಯಾಗಿ ಬಂದಿದ್ದಾಳೆ.

ನಾನು ಈ ಐತಿಹ್ಯವನ್ನು ಮೊದಲು ಓದಿದಾಗ ನನ್ನನ್ನು ಕಾಡಿದ್ದು ಕೈಬಿಟ್ಟುಹೋದ ಗಂಡಸು. ಕಥೆ ಅವನ ಹೆಸರನ್ನೂ ಹೇಳುವುದಿಲ್ಲ, ಅವನಿಗೆ ಶಾಪವನ್ನೂ ಕೊಡುವುದಿಲ್ಲ. ಅವನು ಕುದುರೆ ಏರಿ ಹೊರಟುಹೋಗುತ್ತಾನೆ, ಅವಳು ಶತಮಾನಗಳ ಕಾಲ ಅಳುತ್ತಾಳೆ. ಬುಸ್ತಾಮಾಂತೆ ಹೊರಟುಹೋಗಿದ್ದ ಆ ಗಂಡಸನ್ನು ಹುಡುಕಿ ಮನೆಯೊಳಗೆ ಕೂರಿಸಿ, ಬಾಗಿಲು ಹಾಕಿ, ಅಳುವನ್ನು ಅವನ ಕಿವಿಗೇ ತಲುಪಿಸಿದ್ದಾರೆ. ಮೇಲೆ ಹೇಳಿದ 16ನೇ ಶತಮಾನದ ಹಸ್ತಪ್ರತಿಯ ತಾಯಿಯನ್ನು ನೆನೆದರೆ, ಇದನ್ನು ಬದಲಾವಣೆ ಎನ್ನುವುದಕ್ಕಿಂತ ಕಥೆಯನ್ನು ಅದರ ಹಳೆಯ ಒಡತಿಗೆ ಹಿಂದಿರುಗಿಸಿದ್ದು ಎನ್ನಬೇಕು.

ಕಾರ್ಮೆನ್ ಕಾಣುವ ಕನಸುಗಳ ಅರ್ಥವೇನು?

ಚಿತ್ರದಲ್ಲಿ ನಿಜವಾಗಿ ಬದಲಾಗುವ ಪಾತ್ರ ಕಾರ್ಮೆನ್. ಆರಂಭದಲ್ಲಿ ಅವಳು ಗಂಡನ ಮೇಲಿನ ಆರೋಪಗಳನ್ನು ನಂಬುವುದಿಲ್ಲ, ಸಾಕ್ಷಿ ಹೇಳಿದ ಹೆಂಗಸರನ್ನು ತುಚ್ಛವಾಗಿ ಕಾಣುತ್ತಾಳೆ. ಆಮೇಲೆ ಕನಸುಗಳು ಬೀಳತೊಡಗುತ್ತವೆ. ಅವುಗಳಲ್ಲಿ ಅವಳು ತನ್ನ ದೇಹದಲ್ಲೇ ಇದ್ದರೂ ಬದುಕುತ್ತಿರುವುದು ಆಲ್ಮಾಳ ಬದುಕನ್ನು: ಇಬ್ಬರು ಮಕ್ಕಳ ಕೈಹಿಡಿದು ಸೈನಿಕರಿಂದ ತಪ್ಪಿಸಿಕೊಂಡು ಓಡುತ್ತಿದ್ದಾಳೆ. ನ್ಯಾಯಾಲಯದಲ್ಲಿ ಕಿವಿಯಿಂದ ಕೇಳಿ ತಳ್ಳಿಹಾಕಿದ್ದನ್ನು ಅವಳು ರಾತ್ರಿ ತನ್ನ ಮೈಯಿಂದಲೇ ಅನುಭವಿಸಬೇಕಾಗುತ್ತದೆ. ಸಾಕ್ಷ್ಯವನ್ನು ನಂಬದವಳನ್ನು ಚಿತ್ರ ಸಾಕ್ಷಿಯನ್ನಾಗಿಯೇ ಮಾಡಿಬಿಡುತ್ತದೆ. ಇದಕ್ಕಿಂತ ಕಠಿಣವಾದ, ಇದಕ್ಕಿಂತ ನ್ಯಾಯವಾದ ದೆವ್ವದ ಕೆಲಸವನ್ನು ನಾನು ಬೇರೆ ಯಾವ ಭಯಾನಕ ಚಿತ್ರದಲ್ಲೂ ಕಂಡಿಲ್ಲ.

ಮಗಳು ನತಾಲಿಯಾ ಮತ್ತು ವಲೆರಿಯಾನಾಳ ವಿಷಯದಲ್ಲಿ ಏನನ್ನು ಸೂಚಿಸಲಾಗಿದೆ?

ಸಾರಾಳ ತಂದೆ ಕಣ್ಮರೆಯಾಗಿದ್ದಾನೆ. ಅದರ ಹಿಂದೆ ತನ್ನ ತಂದೆಯ ಕೈಯಿರಬಹುದೆಂಬ ಸಂಶಯ ನತಾಲಿಯಾಳನ್ನು ತಿನ್ನುತ್ತಿದೆ. ಹೊರಗೆ ಭಾವಚಿತ್ರ ಹಿಡಿದು ನಿಂತವರಿಗೂ ಒಳಗಿನ ಅವಳಿಗೂ ಇರುವ ಅಂತರ ಆಗ ಬರೀ ಒಂದು ಗೋಡೆಯಷ್ಟು. ವಲೆರಿಯಾನಾ ಜನರಲ್‌ಗೇ ಹುಟ್ಟಿದ ಮಗಳಿರಬಹುದೆಂಬ ಸೂಚನೆಯೂ ಚಿತ್ರದಲ್ಲಿದೆ, ಅದನ್ನು ಯಾರೂ ಬಾಯಿಬಿಟ್ಟು ಖಚಿತಪಡಿಸುವುದಿಲ್ಲ. ಎಲ್ಲ ಆಳುಗಳೂ ಹೋದ ಮೇಲೆ ಅವಳೊಬ್ಬಳೇ ಉಳಿದದ್ದೇಕೆ ಎಂಬುದಕ್ಕೆ ಅದೊಂದು ಉತ್ತರವಾಗಬಹುದು.

ಆಲ್ಮಾ ಸಾರಾಳಿಗೆ ಕೇಡು ಮಾಡಲು ಬಂದಿದ್ದಾಳೆಯೇ? ನೀರಿನ ದೃಶ್ಯಗಳು ಏಕಿಷ್ಟಿವೆ?

ಐತಿಹ್ಯ ಬಲ್ಲ ಪ್ರೇಕ್ಷಕ ಮಗುವನ್ನು ಎತ್ತಿಕೊಂಡು ಹೋಗುವವಳನ್ನೇ ನಿರೀಕ್ಷಿಸುತ್ತಾನೆ. ಚಿತ್ರ ಆ ನಿರೀಕ್ಷೆಯನ್ನು ಕೊನೆಯವರೆಗೂ ಬಿಗಿಯಾಗಿ ಹಿಡಿದಿಡುತ್ತದೆ. ಆಲ್ಮಾ ಸಾರಾಳಿಗೆ ನೀರಿನೊಳಗೆ ಉಸಿರು ಬಿಗಿಹಿಡಿಯುವುದನ್ನು ಕಲಿಸುತ್ತಾಳೆ. ಮೊದಲ ಸಲ ನೋಡುವಾಗ ಇದು ಬಲೆ ಎನಿಸುತ್ತದೆ. ಮಕ್ಕಳು ಹೇಗೆ ಸತ್ತರೆಂದು ತಿಳಿದ ಮೇಲೆ, ತನ್ನ ಮಕ್ಕಳಿಗೆ ಕಲಿಸಲಾಗದ್ದನ್ನು ಈ ಮಗುವಿಗೆ ಕಲಿಸುತ್ತಿರುವ ತಾಯಿ ಕಾಣುತ್ತಾಳೆ. ಮನೆಯ ಈಜುಕೊಳ, ಸ್ನಾನದ ಕೋಣೆ, ಎಲ್ಲಿಂದಲೋ ಬಂದು ಸೇರುವ ಕಪ್ಪೆಗಳು ಇವೆಲ್ಲವೂ ಆ ನದಿ ಬಂಗಲೆಯೊಳಗೆ ನುಗ್ಗಿ ಬಂದಿರುವುದರ ಗುರುತುಗಳು.

ಕೊನೆಯಲ್ಲಿ ಏನಾಗುತ್ತದೆ?

ಕೊನೆಯ ರಾತ್ರಿ ಹೊರಗಿನ ಸಮೂಹ ಬದುಕಿರುವವರದಾಗಿ ಉಳಿಯುವುದಿಲ್ಲ. ಸತ್ತವರೇ ಬಂದು ಮನೆಯನ್ನು ಸುತ್ತುವರಿಯುತ್ತಾರೆ. ಒಳಗಿನವರು ವಲೆರಿಯಾನಾಳ ನೇತೃತ್ವದಲ್ಲಿ ಮೇಣದಬತ್ತಿಗಳ ನಡುವೆ ಕುಳಿತು ಪ್ರಾರ್ಥನೆಯ ವಿಧಿಗೆ ತೊಡಗುತ್ತಾರೆ. ಆ ಆವೇಶದಲ್ಲಿ ಕಾರ್ಮೆನ್ ಕನಸಿನ ಕಡೆಯ ಭಾಗಕ್ಕೆ ಇಳಿಯುತ್ತಾಳೆ, ಮಕ್ಕಳು ಮುಳುಗುವುದನ್ನು ತಾಯಿಯಾಗಿ ನೋಡುತ್ತಾಳೆ, ತನ್ನೆದುರಿಗಿದ್ದವನ ಕುತ್ತಿಗೆಗೆ ಕೈಹಾಕುತ್ತಾಳೆ. ಕನಸಿನಿಂದ ಈಚೆಗೆ ಆ ಕುತ್ತಿಗೆ ಅವಳ ಗಂಡನದು. ಜನರಲ್‌ನ ಉಸಿರು ಅಲ್ಲಿಗೆ ನಿಲ್ಲುತ್ತದೆ. ಶವಸಂಸ್ಕಾರಕ್ಕೆ ಬಂದ ಇನ್ನೊಬ್ಬ ಸೇನಾಧಿಕಾರಿ ಶೌಚಾಲಯದಲ್ಲಿರುವಾಗ ನೆಲದ ಮೇಲೆ ನೀರು ಹರಡುತ್ತದೆ, ಅಳು ಮತ್ತೆ ಕೇಳಿಸುತ್ತದೆ. ಆಜ್ಞೆ ಕೊಟ್ಟವನು ಒಬ್ಬನೇ ಅಲ್ಲವಲ್ಲ.

ಎರಡನೆಯ ಬಾರಿ ನೋಡುವಾಗ ಏನನ್ನು ಗಮನಿಸಬೇಕು?

ಮೊಟ್ಟಮೊದಲ ದೃಶ್ಯವನ್ನು. ಕಾರ್ಮೆನ್‌ಳ ಮುಖ ತೆರೆಯನ್ನು ತುಂಬಿಕೊಂಡಿದೆ, ತುಟಿಗಳು ಪ್ರಾರ್ಥನೆಯನ್ನು ಬಿಡುವಿಲ್ಲದೆ ಗೊಣಗುತ್ತಿವೆ. ಕ್ಯಾಮೆರಾ ಮೆಲ್ಲಗೆ ಹಿಂದೆ ಸರಿದಂತೆ ಅವಳ ಜೊತೆ ಕೈ ಕೈ ಹಿಡಿದು ವೃತ್ತವಾಗಿ ಕುಳಿತ ಹೆಂಗಸರು ಕಾಣುತ್ತಾರೆ. ಪಕ್ಕದಲ್ಲೇ ಗಂಡಸರು ಮೊಕದ್ದಮೆಯಿಂದ ಪಾರಾಗುವ ದಾರಿಗಳ ಬಗ್ಗೆ ಮಾತಾಡುತ್ತಿದ್ದಾರೆ. ಜನರಲ್‌ನನ್ನು ಉಳಿಸಬೇಕೆಂದು ಕಟ್ಟಿದ ಆ ವೃತ್ತವನ್ನು ಕೊನೆಯ ರಾತ್ರಿ ಮೇಣದಬತ್ತಿಗಳ ನಡುವೆ ಕುಳಿತ ಇನ್ನೊಂದು ವೃತ್ತದ ಪಕ್ಕದಲ್ಲಿಟ್ಟು ನೋಡಬೇಕು. ಎರಡರಲ್ಲೂ ಕಾರ್ಮೆನ್ ಕುಳಿತಿದ್ದಾಳೆ.